ಸಪ್ಪೆ ಬ್ರೆಡ್ಡಿನ ಊರಿನಿಂದ

ಫ್ಲಾರೆನ್ಸ್, ಶನಿವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ. ಚಟ್ನಿಪುಡಿ ಡಬ್ಬ ಒಡೆಯದೆ ಬಂತು. ಅದರಡಿ ಮಡಚಿಟ್ಟಿದ್ದ ನಿನ್ನ ಪತ್ರವೂ ಸಿಕ್ಕಿತು. ಅಪ್ಪನ ಬಿಪಿ 170ಕ್ಕೆ ಹೋಗಿದ್ದನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟೆ? ಫೋನ್ ಮಾಡಿದಾಗ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಗೊತ್ತು. ಆದರೂ! ಡಾಕ್ಟರು ಉಪ್ಪು ಬಿಡಿ ಅಂದ ಮೇಲೂ ಅಪ್ಪೆಮಿಡಿ ಭರಣಿಗೆ ಕೈ ಹಾಕುತ್ತಾರೆ ಅಂದರೆ ಏನು ಹೇಳಲಿ. ಭರಣಿಯನ್ನು ಸುಮ್ನೆ ಚಿಕ್ಕಮ್ಮನ ಮನೆಗೆ ಸಾಗಿಸಿಬಿಡು.

ಇದೊಂದನ್ನು ಅವರಿಗೆ ಓದಿ ಹೇಳು. ಈ ಊರಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಒಂದು ಚಿಟಿಕೆಯೂ ಇಲ್ಲ. 'ಶೊಕ್ಕೊ' ಅನ್ನುತ್ತಾರೆ. ಸಪ್ಪೆ ಅಂತಲೂ ಹೌದು, ಪೆದ್ದ ಅಂತಲೂ ಹೌದು. ಮೊದಲ ವಾರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಈಗ ಸುಟ್ಟು, ಬೆಳ್ಳುಳ್ಳಿ ತಿಕ್ಕಿ, ಮೇಲೆ ಆಲಿವ್ ಎಣ್ಣೆ ಸುರಿದು ಎರಡೆರಡು ತಿನ್ನುತ್ತೇನೆ. ನಮ್ಮ ಅಕ್ಕಿರೊಟ್ಟಿಗೇನೂ ಕಮ್ಮಿ ಇಲ್ಲ. (ಜೊತೆಗೆ ತಿನ್ನುವ ಚೀಸಿಗೆ ಉಪ್ಪು ಜಾಸ್ತಿ ಇರುತ್ತೆ. ಅದನ್ನು ಓದಬೇಡ.)

ನಾನು ಓದುತ್ತಿರುವ ಕವಿ ಡಾಂಟೆಯನ್ನು ಈ ಊರು 1302ರಲ್ಲಿ ಗಡೀಪಾರು ಮಾಡಿತು, ಸಿಕ್ಕರೆ ಸುಡಿ ಅಂತ ತೀರ್ಪು ಬೇರೆ. ಬೇರೆಯವರ ರೊಟ್ಟಿ ಎಷ್ಟು ಉಪ್ಪು, ಬೇರೆಯವರ ಮೆಟ್ಟಿಲು ಹತ್ತಿಳಿಯುವುದು ಎಷ್ಟು ಕಷ್ಟ ಅಂತ ಬರೆದವನು ಅವನೇ. 1321ರಲ್ಲಿ ರವೆನ್ನಾದಲ್ಲಿ ಸತ್ತ, ಮೂಳೆ ಇನ್ನೂ ಅಲ್ಲೇ ಇದೆ. ಇವರು ಇಲ್ಲಿ ಖಾಲಿ ಗೋರಿ ಕಟ್ಟಿ ಟಿಕೆಟ್ ಹರಿಯುತ್ತಾರೆ!

ಅವನ ಬಗ್ಗೆ ಓದೋದಕ್ಕೆ ಏನಿದೆ ಅಂತ ಸುಮಿ ಕೇಳಿದ್ದಳಲ್ಲ. ಹುಟ್ಟಿದ್ದು 1265. ಚಿಕ್ಕವನಿದ್ದಾಗಲೇ ಅಮ್ಮ ಹೋದಳು. ಒಂಬತ್ತನೇ ವಯಸ್ಸಿನಲ್ಲಿ ಬಿಯಾಟ್ರಿಸ್‌ಳನ್ನು ನೋಡಿದವನು ಜೀವಮಾನ ಪೂರ್ತಿ ಅವಳ ಮೇಲೇ ಬರೆದ. ಮದುವೆಯಾಗಿದ್ದು ಮಾತ್ರ ಜೆಮ್ಮಾ ಡೊನಾಟಿಯನ್ನು. ಅದು 1277ರಲ್ಲೇ, ಅವನಿಗೆ ಹನ್ನೆರಡರ ಸುಮಾರಿಗೆ, ಪತ್ರ ಬರೆಸಿ ಗೊತ್ತು ಮಾಡಿದ್ದು. ಅಜ್ಜಿಗೆ ಹೇಳಬೇಡ, ನನ್ನ ಜಾತಕ ಹೊರಗೆ ಬರುತ್ತೆ. ಇಪ್ಪತ್ತು ತುಂಬುವ ಮೊದಲೇ ಅಪ್ಪನೂ ಹೋದರು. ಬುದ್ಧಿ ಹೇಳುವವರು ಅಂತ ಇದ್ದವರು ಬ್ರುನೆಟ್ಟೊ ಲಾಟಿನಿ ಎಂಬ ಹಿರಿಯರು. ಮುಂದೆ, ತಾನೇ ನರಕ ಸುತ್ತುವ 'ಡಿವೈನ್ ಕಾಮಿಡಿ' ಕಾವ್ಯದಲ್ಲಿ, ಅವರನ್ನು ನರಕದಲ್ಲಿಟ್ಟ. ಆದರೆ ಅಲ್ಲಿ ಬೆಂಕಿಯ ಮಳೆಯಲ್ಲಿ, ಸುಟ್ಟ ಮುಖದಲ್ಲಿ ಅವರನ್ನು ಕಂಡಾಗ, ತಂದೆಯಂಥ ನಿಮ್ಮ ಮುಖ ನನ್ನ ಮನಸ್ಸಲ್ಲಿದೆ ಅನ್ನುತ್ತಾನೆ. ಸ್ವಂತ ಅಪ್ಪನ ಬಗ್ಗೆ ಆ ಕಾವ್ಯದಲ್ಲಿ ಒಂದು ಮಾತಿಲ್ಲ. ನಿನ್ನ ಪತ್ರ ಬಂದ ದಿನ ಇದೇ ಪುಟದಲ್ಲಿದ್ದೆ. ಮುಂದೆ ಓದೋಕಾಗಲಿಲ್ಲ.

ಡಾಂಟೆ ಮನೆ ಹತ್ತಿರ ಸಾಂತಾ ಮಾರ್ಗರಿಟಾ ಅಂತ ಪುಟ್ಟ ಚರ್ಚಿದೆ. ಅಲ್ಲೊಂದು ಬುಟ್ಟಿ. ಪ್ರೀತಿಯಲ್ಲಿ ಬಿದ್ದವರು ಬಿಯಾಟ್ರಿಸ್‌ಗೆ ಚೀಟಿ ಬರೆದು ಅದರಲ್ಲಿ ಹಾಕುತ್ತಾರೆ. ನಾನೂ ಒಂದು ಹಾಕಿದೆ. ಗಾಬರಿಯಾಗಬೇಡ, ಅಪ್ಪನ ಬಿಪಿ ಬಗ್ಗೆ. ಕನ್ನಡದಲ್ಲೇ ಬರೆದೆ.

ನನ್ನ ಚಿಂತೆ ಬೇಡ. ದುಡ್ಡಿದೆ. ಚೆನ್ನಾಗಿ ತಿನ್ನುತ್ತಿದ್ದೇನೆ. ನಿದ್ದೆ ಬರುತ್ತೆ. ಚಳಿ ಇಲ್ಲ, ಇದ್ದರೂ ಸ್ವೆಟರ್ ಇದೆ. ಬಾ ಅಂದರೆ ಟಿಕೆಟ್ ಹಾಕಿ ಬಂದುಬಿಡುತ್ತೇನೆ, ಪರೀಕ್ಷೆ ಆಮೇಲೆ ಬರೆದರಾಯಿತು.

ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಓಡಬೇಕು. ಬಿಪಿ ಎಷ್ಟಿದೆ ಅಂತ ವಾರವಾರ ಬರಿ, ಮೇಲಿನದು ಕೆಳಗಿನದು ಎರಡೂ. ಭರಣಿ!

ನಿನ್ನ
ಪುಟ್ಟ