ಟ್ಯಾಂಕ್ ತೂತು ಮಾಡುವ ಪಟಾಕಿ

ಮಾನ್ಯ ಸಂಪಾದಕರೇ,

ನಮ್ಮೂರ ಮುಖಂಡರೊಬ್ಬರ ಹುಟ್ಟುಹಬ್ಬದ ಮೆರವಣಿಗೆಯಲ್ಲಿ ಗುಂಡು ಹಾರಿದ ಸುದ್ದಿಯನ್ನು ನಿಮ್ಮ ಮೂರನೇ ಪುಟದಲ್ಲಿ ಓದಿದೆ. ‘ಪಟಾಕಿ ಸದ್ದಿರಬಹುದು ಎಂದು ಪೊಲೀಸರ ಶಂಕೆ’ ಎಂದು ಕೊನೆಗೆ ಒಂದು ಸಾಲು ಇದೆ. ಆ ಪಟಾಕಿ ನಮ್ಮ ತಾರಸಿಯ ನೀರಿನ ಟ್ಯಾಂಕಿಗೆ ಕಿರುಬೆರಳು ತೂರುವಷ್ಟು ದುಂಡಗಿನ ತೂತು ಮಾಡಿದೆ. ಟಾರ್ಚ್ ಬಿಟ್ಟು ನೋಡಿದರೆ ತಳದ ಕೆಸರಲ್ಲಿ ತಾಮ್ರದ ಬಣ್ಣದ ಚೂರು ಹೊಳೆಯುತ್ತದೆ. ಇಂಥ ಪಟಾಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಠಾಣೆಯವರೇ ಹೇಳಲಿ.

ದೂರು ಕೊಡಲು ಹೋದರೆ ‘ಮಹಜರು ಆಗೋವರೆಗೆ ಏನೂ ಮುಟ್ಟಬೇಡಿ’ ಅಂದರು. ಸರಿ, ಮುಟ್ಟಿಲ್ಲ. ತೂತು ಇರುವುದು ತಳದ ಹತ್ತಿರ, ತುಂಬಿಸಿದ್ದೆಲ್ಲ ಸೋರಿಹೋಗುತ್ತದೆ. ಗೋಡೆ ಪೂರ್ತಿ ಒದ್ದೆ. ಕೆಳಗಿನ ಮನೆಯವರು ಜಗಳಕ್ಕೆ ನಿಂತಿದ್ದಾರೆ. ಮಂಡಿನೋವಿನ ಅಮ್ಮ ಸ್ನಾನದ ನೀರಿಗೂ ಪಕ್ಕದ ಮನೆಯವರ ಮುಖ ನೋಡಬೇಕಾಗಿದೆ. ಮಹಜರಿಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಸಿಬ್ಬಂದಿ ಬಂದೋಬಸ್ತಿನಲ್ಲಿದ್ದಾರಂತೆ. ಯಾರ ಬಂದೋಬಸ್ತು? ಅದೇ ಮುಖಂಡರದ್ದು!

ಗುಂಡು ಹಾರಿಸಿದ ಗನ್‌ಮ್ಯಾನನ್ನು ನಮ್ಮ ಬೀದಿಯವರೆಲ್ಲ ನೋಡಿದ್ದೇವೆ. ಕಪ್ಪು ಬಂದೂಕು, ಮುಂದಕ್ಕೆ ಬಾಗಿದ, ಗುಂಡು ತುಂಬುವ ಮ್ಯಾಗಜಿನ್, ಥೇಟ್ ಮಿಲಿಟರಿಯದ್ದು. ಅದು ನಿಜವಾದದ್ದೋ, ಲೈಸೆನ್ಸ್ ಇದೆಯೋ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’. ಇದರಲ್ಲಿ ಪರಿಶೀಲಿಸಲು ಏನಿದೆ? ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಉಗುಳುವ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ನಿಷೇಧಿತ. ಅದಕ್ಕೆ ಜಿಲ್ಲಾಧಿಕಾರಿಯೂ ಲೈಸೆನ್ಸ್ ಕೊಡುವಂತಿಲ್ಲ, ದೆಹಲಿಯ ಗೃಹ ಸಚಿವಾಲಯಕ್ಕೇ ಹೋಗಬೇಕು. ಅಂಥದ್ದಲ್ಲ, ಮಾಮೂಲಿ ಬಂದೂಕೇ ಅನ್ನಿ. ಸಂಭ್ರಮಕ್ಕೆ ಗುಂಡು ಹಾರಿಸಿದರೂ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಹುಟ್ಟುಹಬ್ಬಕ್ಕೆ ವಿನಾಯಿತಿ ಇದೆಯಾ?

ಇದರ ಮೇಲೆ ಮುಖಂಡರ ಬೆಂಬಲಿಗರೊಬ್ಬರ ಹೇಳಿಕೆ ಬೇರೆ ಹಾಕಿದ್ದೀರಿ. ಅಮೆರಿಕದಂತೆ ಇಲ್ಲೂ ಜನರಿಗೆ ಸೇನೆಯ ಮಾದರಿಯ ಬಂದೂಕು ಕೊಡಬೇಕಂತೆ, ಆತ್ಮರಕ್ಷಣೆಗೆ! ಯಾರಿಂದ ರಕ್ಷಣೆ ಸ್ವಾಮಿ, ನಮ್ಮ ಟ್ಯಾಂಕಿನಿಂದಲಾ? ಅಮೆರಿಕದಲ್ಲಿ ಅಂಥವುಗಳ ಮೇಲೆ 1994ರಲ್ಲಿ ತಂದ ನಿಷೇಧ 2004ರಲ್ಲಿ ಮುಗಿಯಿತು. ಆಮೇಲೆ ಶಾಲೆಗಳಲ್ಲಿ ಏನೇನಾಯಿತು ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇವೆ. ನ್ಯೂಜಿಲೆಂಡ್‌ನಲ್ಲಿ 2019ರ ಮಾರ್ಚಿನಲ್ಲಿ ಮಸೀದಿಗಳ ಮೇಲೆ ದಾಳಿಯಾಯಿತು. 51 ಜನರ ಪ್ರಾಣ ಹೋಯಿತು. ದಾಳಿಯಾದ ಒಂದು ತಿಂಗಳೊಳಗೆ ಅಲ್ಲಿನ ಸಂಸತ್ತು ಇಂಥ ಬಂದೂಕುಗಳನ್ನು ನಿಷೇಧಿಸಿಬಿಟ್ಟಿತು. ಇಲ್ಲಿ ಒಂದು ತೂತು ನೋಡಲು ಜನ ಇಲ್ಲ.

ಬಂದೂಕು ಕಂಡರೇ ಆಗದವನು ನಾನಲ್ಲ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಊರವರ ಟ್ಯಾಂಕಿಗಲ್ಲ. ಮಲೆನಾಡಿನಲ್ಲಿ ನಮ್ಮ ಭಾವನ ಹತ್ತಿರವೂ ಬೆಳೆ ಕಾಯಲು ಒಂಟಿ ನಳಿಗೆಯ ಕೋವಿ ಇದೆ. ಯಾವ ಚುನಾವಣೆ ಬರಲಿ, ಮೊದಲು ಅವರ ಕೋವಿ ಠಾಣೆಯಲ್ಲಿ ಠೇವಣಿ. ಕಾಡುಹಂದಿಗೆ ನೀತಿಸಂಹಿತೆ ಇಲ್ಲವಲ್ಲ, ಗದ್ದೆ ಉಳಿಯುವುದಿಲ್ಲ. ವಾಪಸ್ ಬರುವಾಗ ನಳಿಗೆ ತುಂಬ ತುಕ್ಕು. ನವೀಕರಣಕ್ಕೆ ಹೋದರೆ ಆ ಟೇಬಲ್, ಈ ಟೇಬಲ್, ಸಾಹೇಬರು ಮೀಟಿಂಗ್‌ನಲ್ಲಿ. ಭತ್ತ ಬೆಳೆಯುವವನಿಗೆ ಇಷ್ಟು ಕಟ್ಟುನಿಟ್ಟು, ಮುಖಂಡರ ಗನ್‌ಮ್ಯಾನಿಗೆ ಸೆಲ್ಯೂಟ್.

ಇದೇ ಅಧಿಕಾರಿಗಳು ನಮ್ಮ ಬೀದಿಯ ದೀಪ ಹೋದಾಗಲೂ ಇಷ್ಟೇ ಚುರುಕಾಗಿದ್ದರು. ಮ್ಯಾನ್‌ಹೋಲ್ ಉಕ್ಕಿದಾಗ ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದವರೇ ಮುಖಂಡರ ಫ್ಲೆಕ್ಸ್ ಕಟ್ಟಲು ಏಣಿ ಹಿಡಿದು ನಿಂತಿದ್ದರು.

ಆ ಬಂದೂಕಿನ ಲೈಸೆನ್ಸ್ ಕೂಡಲೇ ರದ್ದು ಮಾಡಲಿ. ಲೈಸೆನ್ಸೇ ಇಲ್ಲದಿದ್ದರೆ ಇಟ್ಟುಕೊಂಡವರನ್ನೂ ಇಡಿಸಿದವರನ್ನೂ ಒಳಗೆ ಹಾಕಲಿ. ಗನ್‌ಮ್ಯಾನ್ ಶೋಕಿಯನ್ನೇ ಊರಿಂದ ತೆಗೆದುಹಾಕಲಿ. ಕೊನೇಪಕ್ಷ ಮಹಜರಿಗಾದರೂ ಬರಲಿ. ಇದ್ಯಾವುದೂ ಆಗುವುದಿಲ್ಲ ಅಂದರೆ ಸಂಬಳ ಯಾಕೆ ಎಣಿಸಿಕೊಳ್ಳುತ್ತಾರೆ? ನಾಚಿಕೆಯಾಗಬೇಕು.

– ನೊಂದ ಓದುಗ