ಆ ಬೂದು ಡಬ್ಬ ಗುಜರಿಗೆ ಬೇಡ

ಜರ್ಸಿ ಸಿಟಿ,
ಭಾನುವಾರ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ಮೊದಲು ಅದನ್ನೇ ಬರಿ ಅಂದಳು, ಬರೆದಿದ್ದೇನೆ.

ಇದ್ದಕ್ಕಿದ್ದ ಹಾಗೆ ಕಾಗದ ಯಾಕೆ ಅಂತ ನಿಮಗೆ ಅನ್ನಿಸಬಹುದು. ಫೋನ್ ಮಾಡಿದರೆ ನಿಮ್ಮದು "ಊಟ ಆಯ್ತಾ, ಚಳಿ ಹೇಗಿದೆ" ಎರಡೇ ಮಾತು. ಆಮೇಲೆ ಫೋನು ಅಮ್ಮನ ಕೈಗೆ. ಇದು ಎರಡು ಮಾತಿನಲ್ಲಿ ಮುಗಿಯುವುದಲ್ಲ. ಅಂಗಡಿ ಖಾಲಿ ಮಾಡುತ್ತಿದ್ದೀರಂತೆ, ಹಳೇ ಸಾಮಾನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುತ್ತೀರಂತೆ, ತಮ್ಮ ಹೇಳಿದ. ಹಾಕಿ. ಸುಟ್ಟ ಟ್ರಾನ್ಸ್‌ಫಾರ್ಮರು, ಹರಿದ ಸ್ಪೀಕರು, ಟೇಪ್‌ರೆಕಾರ್ಡರ್ ಮೋಟಾರು ಎಲ್ಲ ಹೋಗಲಿ. ನೀವು ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ, ಚೆಕ್ ಮಾಡಲು ಕುಂಯ್ ಅಂತ ಸದ್ದು ಹುಟ್ಟಿಸುವ ಆ ಬೂದು ಬಣ್ಣದ ಆಡಿಯೋ ಆಸಿಲೇಟರ್ ಒಂದನ್ನು ಕೊಡಬೇಡಿ.

ಕಾರಣ ಹೇಳುತ್ತೇನೆ, ಸ್ವಲ್ಪ ಸುತ್ತು ಹಾಕಿ ಬರಬೇಕು.

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಹಳೇ ಎಲ್.ಪಿ. ರೆಕಾರ್ಡು ಕೂಡಿಡುವ ಹುಚ್ಚು. ಮೊನ್ನೆ ಮನೆಗೆ ಕರೆದು ಒಂದು ರೆಕಾರ್ಡ್ ಹಾಕಿದರು. ಮುಳ್ಳು ಕೂತ ಮೇಲೆ ಬಂದ ಸದ್ದು ಕೇಳಿ ನನಗೆ ನಗು ಬಂತು. ಶಾರ್ಟ್‌ವೇವ್‌ನಲ್ಲಿ ನೀವು ಸಿಲೋನ್ ಹುಡುಕುವಾಗ ಎರಡು ಸ್ಟೇಷನ್ ನಡುವೆ ಕುಂಯ್‌ಂಯ್ ಅಂತ ಏರಿ ಇಳಿಯುತ್ತಿತ್ತಲ್ಲ, ಅದೇ! ಅದರ ಕೆಳಗೆ ಡಮರುಗದ ಹಾಗೆ ಬಿಡದೆ ಓಡುವ ಡ್ರಮ್ಮು. ಮೇಲೆ ಒಬ್ಬ ಮನುಷ್ಯ ತೆಳ್ಳಗಿನ ದನಿಯಲ್ಲಿ, ಮಂತ್ರ ಹೇಳುವವನಂತೆ ಹಾಡುತ್ತಿದ್ದಾನೆ. ಮೊದಲ ಹಾಡಿನ ಹೆಸರೇ 'ಆಸಿಲೇಷನ್ಸ್'. ರೆಕಾರ್ಡ್ ಬಂದದ್ದು 1968ರಲ್ಲಿ.

ತಂಡದ ಹೆಸರು ಸಿಲ್ವರ್ ಆಪಲ್ಸ್, ಬೆಳ್ಳಿ ಸೇಬುಗಳು. ಐರ್ಲೆಂಡಿನ ಕವಿ ಯೇಟ್ಸ್‌ನ ಪದ್ಯದಿಂದ ಎತ್ತಿಕೊಂಡ ಹೆಸರು. ಇದ್ದವರು ಇಬ್ಬರೇ: ಸಿಮಿಯನ್ ಕಾಕ್ಸ್ ಮತ್ತು ಡ್ಯಾನಿ ಟೇಲರ್. ಅದಕ್ಕೆ ಮುಂಚೆ ಇವರದು ಗಿಟಾರಿನ ಮಾಮೂಲಿ ರಾಕ್ ತಂಡ. ನ್ಯೂಯಾರ್ಕಿನ ಮ್ಯಾಕ್‌ಡೂಗಲ್ ರಸ್ತೆಯಲ್ಲಿ ಕೆಫೆ ವಾ ಅಂತ ಒಂದು ನೆಲಮಾಳಿಗೆ ಕ್ಲಬ್ ಇದೆ, ಅಲ್ಲಿ ನುಡಿಸುತ್ತಿದ್ದರು. ಆಗ ಸಿಮಿಯನ್ ಬರೀ ಹಾಡುಗಾರ. ಅವನ ಗೆಳೆಯನೊಬ್ಬನ ಹತ್ತಿರ 1940ರ ದಶಕದ ಒಂದು ಆಡಿಯೋ ಆಸಿಲೇಟರ್ ಇತ್ತು. ಅದನ್ನು ತಂದು ಸ್ಟೇಜಿನ ಮೇಲೆ ಆಂಪ್ಲಿಫೈಯರಿಗೆ ಸಿಕ್ಕಿಸಿ ಡಯಲ್ ತಿರುಗಿಸಿದ. ಜೊತೆಯವರಿಗೆ ಸಿಟ್ಟು ಬಂತು. ಒಬ್ಬೊಬ್ಬರೇ ಗಿಟಾರು ಹೊತ್ತು ಹೊರಟರು. ಉಳಿದವನು ಡ್ರಮ್ಮಿನ ಡ್ಯಾನಿ ಒಬ್ಬ.

ನನಗೆ ಏನು ನೆನಪಾಯಿತು ಗೊತ್ತಾ? ಆರನೇ ಕ್ಲಾಸಿನಲ್ಲಿದ್ದಾಗ ನೀವು ಊಟಕ್ಕೆ ಹೋದ ಹೊತ್ತು ನಾನೂ ಅದೇ ಮಾಡಿದ್ದೆ. ಆಸಿಲೇಟರಿನ ವೈರು ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟು ಡಯಲ್ ತಿರುಗಿಸಿದೆ. ಪಕ್ಕದ ಟೈಲರ್ ಅಂಗಡಿಯವರು ಕಿವಿ ಮುಚ್ಚಿಕೊಂಡು ಓಡಿ ಬಂದರು. ನೀವು ಬಂದು ನನ್ನ ತಲೆಗೆ ಒಂದು ಬಿಟ್ಟಿರಿ. "ಅದು ಚೆಕ್ ಮಾಡೋ ಸಾಮಾನು ಕಣೋ, ಬಾರಿಸೋದಲ್ಲ" ಅಂದಿರಿ. ಅಪ್ಪಾ, ಇಲ್ಲೊಬ್ಬ ಅದನ್ನು ಬಾರಿಸಿ ರೆಕಾರ್ಡೇ ಮಾಡಿದ್ದಾನೆ.

ಒಂದು ಸಾಲಲಿಲ್ಲ ಅವನಿಗೆ. ಮೊದಲ ರೆಕಾರ್ಡಿನ ಹೊತ್ತಿಗೆ ಒಂಬತ್ತು ಆಸಿಲೇಟರುಗಳನ್ನು ಒಂದರ ಮೇಲೊಂದು ಪೇರಿಸಿದ್ದ. ಸ್ವಿಚ್ಚು ಗುಂಡಿ ಎಲ್ಲ ಸೇರಿ 86. ಕೈ, ಕಾಲು, ಮೊಣಕೈ ಎಲ್ಲದರಿಂದಲೂ ನುಡಿಸುತ್ತಿದ್ದ. ಆ ಯಂತ್ರಕ್ಕೂ 'ದಿ ಸಿಮಿಯನ್' ಅಂತಲೇ ಹೆಸರು. ಆಸಿಲೇಟರಿನ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಆನ್ ಮಾಡಿದರೆ ಸದ್ದು ನಿಲ್ಲುವುದೇ ಇಲ್ಲ, ಕೊಳಾಯಿ ಬಿಟ್ಟ ಹಾಗೆ. ಒಂದು ಸ್ವರ ನಿಂತು ಇನ್ನೊಂದು ಶುರುವಾಗಬೇಕಲ್ವಾ? ಅದಕ್ಕೆ ತಂತಿ ಆಫೀಸಿನ ಕಟ್ಟ-ಕಡ ಕೀಗಳನ್ನು ತಂದು ಜೋಡಿಸಿದ. ಒತ್ತಿದಷ್ಟು ಹೊತ್ತು ಸದ್ದು, ಬಿಟ್ಟರೆ ಇಲ್ಲ. ಬೇಸ್ ಸ್ವರಗಳು ಕಾಲಿನ ಕೆಳಗೆ. ಹಾರ್ಮೋನಿಯಂ ಮನೆಯಂತಹ ಕೀಬೋರ್ಡ್ ಅವನಿಗೆ ಬರುತ್ತಿರಲಿಲ್ಲ, ಅದಕ್ಕೇ ಇಷ್ಟೆಲ್ಲ.

ಇದರಿಂದ ಆದ ಒಳ್ಳೇದೂ ಒಂದಿದೆ. ಹೀಗೆ ಡಯಲ್ ಹಿಡಿದುಕೊಂಡು ಸರಸರ ಸ್ವರ ಬದಲಿಸಲು ಆಗುವುದಿಲ್ಲ. ಹಾಗಾಗಿ ಹಾಡು ಒಂದೇ ಶ್ರುತಿ ಹಿಡಿದು ಕೂತುಬಿಡುತ್ತದೆ, ಅಮ್ಮನ ಶ್ರುತಿ ಪೆಟ್ಟಿಗೆ ಇಟ್ಟ ಹಾಗೆ. ಡ್ಯಾನಿ ಆ ಶ್ರುತಿಗೆ ತನ್ನ ಡ್ರಮ್ಮುಗಳನ್ನೇ ಹೊಂದಿಸಿಕೊಂಡ. ಮೃದಂಗದವರು ಕಚೇರಿಗೆ ಮುಂಚೆ ಕಲ್ಲು ಹಿಡಿದು ತಟ್ಟುತ್ತಾ ಕೂರುತ್ತಾರಲ್ಲ, ನಮಗೆ ಅದರಲ್ಲಿ ಏನೂ ಹೊಸದಿಲ್ಲ. ರಾಕ್ ತಂಡದಲ್ಲಿ ಮಾತ್ರ ಅದು ಅಪರೂಪ. ನನ್ನ ಕೇಳಿದರೆ ಆ ರೆಕಾರ್ಡು ನಿಂತಿರುವುದೇ ಡ್ಯಾನಿಯ ಕೈ ಮೇಲೆ. ಹಾಡಿಕೆ ಅಷ್ಟಕ್ಕಷ್ಟೇ. ಅಮ್ಮನಿಗೆ ಕೇಳಿಸಿದರೆ "ಇವನಿಗೆ ನೆಗಡಿನಾ?" ಅನ್ನುತ್ತಾಳೆ.

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ದಿನ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜನಜಾತ್ರೆ. ಆಗ ಇವರೂ ನುಡಿಸಿದರು. ಅದಕ್ಕಿಂತ ಸರಿಯಾದ ಮೇಳ ಸಿಗುತ್ತಿರಲಿಲ್ಲ ಬಿಡಿ. ಅದೇ ವರ್ಷ ಎರಡನೇ ರೆಕಾರ್ಡು 'ಕಾಂಟ್ಯಾಕ್ಟ್' ಬಂತು, ಅದೇ ಮುಳುವಾಯಿತು. ಮುಂದಿನ ರಕ್ಷಾಪುಟದಲ್ಲಿ ಇಬ್ಬರೂ ಪ್ಯಾನ್ ಆಮ್ ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂತಿದ್ದಾರೆ. ತಿರುಗಿಸಿದರೆ ಬಿದ್ದು ಚೂರಾದ ವಿಮಾನ, ಅದರ ಅವಶೇಷದ ನಡುವೆ ಇವರು ಬ್ಯಾಂಜೋ ಹಿಡಿದು ಕೂತಿದ್ದಾರೆ! ವಿಮಾನ ಕಂಪನಿ ಸುಮ್ಮನಿರುತ್ತದಾ? ಕೋರ್ಟಿಗೆ ಹೋಯಿತು. ರೆಕಾರ್ಡು ಅಂಗಡಿಗಳಿಂದ ಮಾಯವಾಯಿತು, ಸ್ವಲ್ಪ ದಿನಕ್ಕೆ ತಂಡವೂ. ಇದು ಅವರೇ ಮಾಡಿಕೊಂಡದ್ದು, ಕನಿಕರ ಪಡುವಂಥದ್ದೇನಿಲ್ಲ. ಮೂರನೇ ರೆಕಾರ್ಡಿಗೆ ಅಂತ ನುಡಿಸಿದ್ದು ಅರ್ಧಕ್ಕೇ ನಿಂತಿತು. ಸಿಮಿಯನ್ ಅಲಬಾಮಾ ಕಡೆ ಹೋಗಿ ಟೀವಿ ವರದಿಗಾರನಾದ.

ಇಪ್ಪತ್ತು ಚಿಲ್ಲರೆ ವರ್ಷ ಕಳೆಯಿತು. 1990ರ ದಶಕದಲ್ಲಿ ಜರ್ಮನಿಯ ಯಾರೋ ಇವರನ್ನು ಕೇಳದೆಯೇ ಹಳೇ ರೆಕಾರ್ಡುಗಳನ್ನು ಮತ್ತೆ ಮಾರಿದರು. ಕಳ್ಳಮಾಲೇ, ಆದರೆ ಅದರಿಂದಲೇ ಹೊಸ ಹುಡುಗರಿಗೆ ಇವರ ಹೆಸರು ಗೊತ್ತಾಯಿತು. ಸಿಮಿಯನ್ ಮತ್ತೆ ಸ್ಟೇಜ್ ಹತ್ತಿದ. ಡ್ಯಾನಿಯೂ ಸಿಕ್ಕ. ಡ್ಯಾನಿಯ ಮನೆ ಅಟ್ಟದಲ್ಲಿ ಆ ಮೂರನೇ ರೆಕಾರ್ಡಿನ ಟೇಪುಗಳು ಹಾಗೇ ಇದ್ದವು. ಅಟ್ಟದಲ್ಲಿ, ಅಪ್ಪಾ. ಗುಜರಿಗೆ ಹಾಕಿರಲಿಲ್ಲ. 1998ರಲ್ಲಿ ಅದು ಹೊರಗೆ ಬಂತು. ಅದೇ ವರ್ಷ ಊರೂರು ತಿರುಗುವಾಗ ವ್ಯಾನು ಅಪಘಾತವಾಗಿ ಸಿಮಿಯನ್‌ಗೆ ಕತ್ತಿನ ಮೂಳೆ ಮುರಿಯಿತು. 2005ರಲ್ಲಿ ಡ್ಯಾನಿ ತೀರಿಕೊಂಡ. ಆಮೇಲೆ ಸಿಮಿಯನ್ ಒಬ್ಬನೇ ಕಾರ್ಯಕ್ರಮ ಕೊಟ್ಟ. ಬೇರೆ ಡ್ರಮ್ಮರನ್ನು ಇಟ್ಟುಕೊಳ್ಳದೆ ಡ್ಯಾನಿಯ ಕೈಯ ಹಳೇ ರೆಕಾರ್ಡಿಂಗಿನ ತುಣುಕುಗಳನ್ನು ಹಾಕಿಕೊಂಡು ಅದರ ಜೊತೆ ನುಡಿಸಿದ. 2020ರಲ್ಲಿ ಅವನೂ ಹೋದ, 82 ವರ್ಷ.

ಹೋದ ಶನಿವಾರ ನದಿ ದಾಟಿ ಆ ಮ್ಯಾಕ್‌ಡೂಗಲ್ ರಸ್ತೆಗೆ ಹೋಗಿದ್ದೆ. ಕ್ಲಬ್ಬು ಈಗಲೂ ಇದೆ. ಹಗಲು ಹೊತ್ತು, ಬಾಗಿಲು ಹಾಕಿತ್ತು. ಸುಮ್ನೆ ಎದುರಿಗೆ ಐದು ನಿಮಿಷ ನಿಂತು ಬಂದೆ.

ಆ ಡಬ್ಬದ ಒಳಗಿನ ಪುಟ್ಟ ಬಲ್ಬು ನೆನಪಿದೆಯಾ? ಮುಚ್ಚಳ ತೆಗೆದಾಗ ನೋಡಿ, "ಇದು ಉರಿಯೋದೇ ಕಾಣಲ್ಲ, ಯಾಕೆ ಇಟ್ಟಿದಾರೆ?" ಅಂತ ಕೇಳಿದ್ದೆ. "ಅದು ಬೆಳಕಿಗಲ್ಲ, ಹದಕ್ಕೆ" ಅಂದಿದ್ದಿರಿ. ಸದ್ದು ಜಾಸ್ತಿಯಾದರೆ ಬಲ್ಬಿನ ತಂತಿ ಬಿಸಿಯಾಗುತ್ತದೆ, ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಏರಿದರೆ ಸದ್ದು ತಾನೇ ತಗ್ಗುತ್ತದೆ ಅಂತ ಬೀಡಿ ಕಟ್ಟಿನ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದಿರಿ. ಇಂಜಿನಿಯರಿಂಗ್ ಲ್ಯಾಬಿನಲ್ಲಿ ಅದೇ ಪಾಠ ಬಂದಾಗ ಕ್ಲಾಸಿಗೆಲ್ಲ ಮೊದಲು ಗೊತ್ತಿದ್ದವನು ನಾನೇ. ಹ್ಯೂಲೆಟ್ ಮತ್ತು ಪ್ಯಾಕರ್ಡ್ ತಮ್ಮ ಎಚ್.ಪಿ. ಕಂಪನಿ ಶುರುಮಾಡಿದ್ದು ಇಂಥದ್ದೇ ಬಲ್ಬಿನ ಆಸಿಲೇಟರಿನಿಂದ. ಅದನ್ನು ಎಂಟು ಕೊಂಡವನು ವಾಲ್ಟ್ ಡಿಸ್ನಿ, ತನ್ನ ಸಿನಿಮಾದ ಸೌಂಡ್ ಕೆಲಸಕ್ಕೆ. ನಿಮ್ಮ ಡಬ್ಬದ್ದು ಸಾಮಾನ್ಯ ವಂಶ ಅಲ್ಲ!

ಡಿಸೆಂಬರಿನಲ್ಲಿ ಮೂರು ವಾರ ಬರುತ್ತೇವೆ. ಅಲ್ಲಿಯವರೆಗೆ ಅದನ್ನು ಗೋಣಿಚೀಲ ಸುತ್ತಿ ಅಟ್ಟದ ಮೇಲೆ ಇಡಿ. ವಾಲ್ವುಗಳನ್ನು ಬಿಚ್ಚಿ ಬೇರೆ ಇಡಿ, ಇಲಿ ಕಾಟ ಇದೆ. ನೀವೊಬ್ಬರೇ ಇದ್ದಾಗ ಆನ್ ಮಾಡಬೇಡಿ, ಎಷ್ಟೋ ವರ್ಷದ ಕಂಡೆನ್ಸರು, ಒಡೆದೀತು. ನಿಮಗೇ ಹೇಳಿಕೊಡುತ್ತಿದ್ದೇನೆ ನೋಡಿ. ರೈಲ್ವೆಯಲ್ಲಿದ್ದ ಸೋದರಮಾವನ ಹತ್ತಿರ ಹಳೇ ತಂತಿ ಕೀ ಏನಾದರೂ ಉಳಿದಿದೆಯಾ ಅಂತ ಅಮ್ಮನ ಕೈಲಿ ಕೇಳಿಸಿ. ಅಮ್ಮನ ಶ್ರುತಿ ಪೆಟ್ಟಿಗೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳೋಣ.

ಗುಜರಿಯವನು ಆಗಲೇ ತಕ್ಕಡಿಗೆ ಹಾಕಿಬಿಟ್ಟಿದ್ದರೆ, ಅವನು ಕೊಟ್ಟದ್ದಕ್ಕೆ ಎರಡರಷ್ಟು ಕೊಟ್ಟು ವಾಪಸ್ ತನ್ನಿ. ದುಡ್ಡು ತಮ್ಮನಿಗೆ ಕಳಿಸುತ್ತೇನೆ.

ಟೈಲರ್ ಅಂಗಡಿಯವರಿಗೆ ಮಾತ್ರ ಮುಂಚೆಯೇ ಹೇಳಿಡಿ.

ಇಂತಿ ನಿಮ್ಮ ಮಗ