ನಿದ್ದೆ ಮಾತ್ರೆಗೆ ಹಳೆಯ ಚೀಟಿ ಸಾಕೇ?

ಮಾನ್ಯ ಸಂಪಾದಕರೇ,

ಆತಂಕಕ್ಕೋ ನಿದ್ದೆಗೋ ಎಂದು ವೈದ್ಯರು ಯಾವಾಗಲೋ ಬರೆದುಕೊಟ್ಟ ಆಲ್ಪ್ರಜೋಲಾಮ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ನಮ್ಮ ಸುತ್ತಮುತ್ತ ಇದ್ದಾರೆ. ಹಳೆಯ ಚೀಟಿ, ಕೆಲವೊಮ್ಮೆ ಬರೀ ಖಾಲಿ ಸ್ಟ್ರಿಪ್ ತೋರಿಸಿದರೂ ಮೆಡಿಕಲ್ ಶಾಪ್‌ಗಳಲ್ಲಿ ಅದು ಸಿಕ್ಕಿಬಿಡುತ್ತದೆ. ಇದು ‘ಎಚ್‌1’ ಪಟ್ಟಿಯ ಔಷಧ. ಚೀಟಿಯಿಲ್ಲದೆ ಮಾರುವಂತಿಲ್ಲ, ರೋಗಿಯ, ವೈದ್ಯರ ಹೆಸರುಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ 3 ವರ್ಷ ಕಾಪಾಡಬೇಕು. ಔಷಧ ನಿಯಂತ್ರಣ ಅಧಿಕಾರಿಗಳು ಆ ಪುಸ್ತಕಗಳನ್ನು ತೆರೆದು ನೋಡಲಿ.

ಈ ಮಾತ್ರೆಗಳೇ ಕೆಟ್ಟವು ಎನ್ನುತ್ತಿಲ್ಲ. ತೀವ್ರ ಆತಂಕದಲ್ಲಿ ಕೆಲವು ದಿನಗಳ ಮಟ್ಟಿಗೆ ಅವು ದೊಡ್ಡ ನೆರವು. ಆದರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಹೋಗಿ, ಮೊದಲಿನ ಪ್ರಮಾಣ ಸಾಲದೆ ಬರಬಹುದು. ಆಗ ಹೆದರಿ ಒಮ್ಮೆಲೇ ಬಿಟ್ಟುಬಿಡುವುದು ಇನ್ನೂ ಅಪಾಯ. ನಡುಕ, ನಿದ್ದೆಗೇಡು ಇರಲಿ, ಫಿಟ್ಸ್ ಕೂಡ ಬರಬಹುದು. ವೈದ್ಯರ ಉಸ್ತುವಾರಿಯಲ್ಲಿ ವಾರಗಳು, ಕೆಲವರಿಗೆ ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ವಯಸ್ಸಾದವರು ರಾತ್ರಿ ಎದ್ದು ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೂ ಇವು ಕಾರಣವಾಗಬಲ್ಲವು. ಮನೆಯವರಿಗೆ ಮಾತ್ರೆಯ ಮೇಲೆ ಅನುಮಾನವೇ ಬರುವುದಿಲ್ಲ.

ವೈದ್ಯರಲ್ಲಿ ಒಂದು ವಿನಂತಿ: ಎಷ್ಟು ದಿನ ತೆಗೆದುಕೊಳ್ಳಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ಚೀಟಿ ಬರೆಯುವಾಗಲೇ ಕನ್ನಡದಲ್ಲಿ ತಿಳಿಸಿ. ಮಾತ್ರೆ ಬಿಡಲಾಗದೆ ಒದ್ದಾಡುತ್ತಿರುವವರು ನಾಚಿಕೊಳ್ಳದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮನಸ್’ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

– ಓದುಗರು, ಶಿವಮೊಗ್ಗ